ತಿರುಗುತ್ತದೆ, ಬಿಸಿಯಾಗುವುದಿಲ್ಲ

ನಮ್ಮ ಕಡೆ ‘ಡ್ರೈಯರ್’ ಅಂದರೆ ಎರಡು ತೊಟ್ಟಿಯ ವಾಷಿಂಗ್ ಮೆಷಿನ್ನಿನ ಸಣ್ಣ ತೊಟ್ಟಿ. ಒಗೆದ ಬಟ್ಟೆಯನ್ನು ಅದರೊಳಗೆ ತುರುಕಿ, ಮೇಲೆ ಪ್ಲಾಸ್ಟಿಕ್ ಬಿಲ್ಲೆ ಒತ್ತಿ, ಮುಚ್ಚಳ ಹಾಕಿ ಗುಂಡಿ ತಿರುಗಿಸಿದರೆ ಬಚ್ಚಲುಮನೆಯೇ ನಡುಗುವಂತೆ ಗರಗರ ತಿರುಗಿ ನೀರನ್ನು ಹಿಂಡಿ ಹಾಕುತ್ತದೆ. ಅದರಲ್ಲಿ ಬಿಸಿ ಅನ್ನುವುದೇ ಇಲ್ಲ. ಹಿಂಡಿದ ಬಟ್ಟೆಯನ್ನು ಮತ್ತೆ ಹಗ್ಗದ ಮೇಲೆ ಹರವಲೇಬೇಕು.

ಮಕ್ಕಳೇ, ಇವತ್ತು ನಾನು ಹೇಳಹೊರಟ ಡ್ರೈಯರ್ ಅದಲ್ಲ. ಅಮೆರಿಕದ ಮನೆಗಳಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿ ಅದರಷ್ಟೇ ಎತ್ತರದ ಇನ್ನೊಂದು ಪೆಟ್ಟಿಗೆ ನಿಂತಿರುತ್ತದೆ. ಒದ್ದೆ ಬಟ್ಟೆ ಹಾಕಿ ಬಾಗಿಲು ಮುಚ್ಚಿದರೆ ಮುಕ್ಕಾಲು ಗಂಟೆಯಲ್ಲಿ ಗರಿಗರಿಯಾಗಿ ಒಣಗಿದ, ಇನ್ನೂ ಬೆಚ್ಚಗಿರುವ ಬಟ್ಟೆ ಹೊರಗೆ ಬರುತ್ತದೆ. ನಿಮ್ಮ ಅಣ್ಣನೋ ಚಿಕ್ಕಪ್ಪನೋ ಅಲ್ಲಿದ್ದರೆ ವಿಡಿಯೋ ಕರೆಯಲ್ಲಿ ನೋಡಿರಬಹುದು. ಹೋದ ಚಳಿಗಾಲದಲ್ಲಿ ನಾವಿಬ್ಬರೂ ಶಿಕಾಗೋ ಹತ್ತಿರದ ಮಗಳ ಮನೆಯಲ್ಲಿದ್ದಾಗ ಆ ಪೆಟ್ಟಿಗೆ ಮುಷ್ಕರ ಹೂಡಿತು. ತಿರುಗುತ್ತದೆ, ಸದ್ದು ಮಾಡುತ್ತದೆ, ಒಳಗೆ ದೀಪವೂ ಹತ್ತುತ್ತದೆ. ಬಟ್ಟೆ ಮಾತ್ರ ಹಾಕಿದಾಗ ಎಷ್ಟು ತಣ್ಣಗಿತ್ತೋ ತೆಗೆದಾಗಲೂ ಅಷ್ಟೇ ತಣ್ಣಗೆ.

ಕಾರಣ ಹುಡುಕುವ ಮೊದಲು, ಒಣಗುವುದು ಅಂದರೆ ಏನು ಅಂತ ನೋಡೋಣ. ಇಲ್ಲಿ ಅಜ್ಜಿಯರ ಸಹಾಯ ಬೇಕು. ಹಿಂದೆ ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿಸುತ್ತಿದ್ದದ್ದು ಹೇಗೆ ಅಂತ ಕೇಳಿ. ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಬುಟ್ಟಿಯ ಮೇಲೆ ಬಟ್ಟೆ ಹರಡುತ್ತಿದ್ದರು. ಕೆಳಗಿನ ಬಿಸಿಗಾಳಿ ಬುಟ್ಟಿಯ ಸಂದಿಗಳಿಂದ ನುಗ್ಗಿ, ಬಟ್ಟೆಯ ಪಸೆಯನ್ನು ಹೊತ್ತುಕೊಂಡು ಮೇಲೆ ಹೋಗುತ್ತಿತ್ತು. ಮಲೆನಾಡಿನವರು ಬಚ್ಚಲ ಒಲೆಯ ಮೇಲ್ಗಡೆ ಗಳ ಕಟ್ಟಿ ಸೀರೆ, ಪಂಚೆ ಹಾಕುತ್ತಿದ್ದದ್ದೂ ಇದೇ ಲೆಕ್ಕ. ಬಿಸಿ ಬೇಕು, ಗಾಳಿ ಓಡಾಡಬೇಕು, ಪಸೆ ಹೊತ್ತ ಗಾಳಿ ಹೊರಗೆ ಹೋಗಲು ದಾರಿಯೂ ಬೇಕು. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಅಮೆರಿಕದ ಓಹಿಯೊ ರಾಜ್ಯದ ಜಾರ್ಜ್ ಸ್ಯಾಂಪ್ಸನ್ ಅನ್ನುವವರು 1892ರಲ್ಲಿ ಪೇಟೆಂಟ್ ಪಡೆದ ಬಟ್ಟೆ ಒಣಗಿಸುವ ಸಾಧನವೂ ಅಡುಗೆ ಒಲೆಯ ಬಿಸಿಯನ್ನೇ ಬಳಸುವಂಥದ್ದು. ನಮ್ಮ ಬುಟ್ಟಿಗೆ ಯಾರೂ ಪೇಟೆಂಟ್ ಮಾಡಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಈಗಿನ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಡ್ರಮ್ಮು, ಅದನ್ನು ಬೆಲ್ಟಿನಿಂದ ತಿರುಗಿಸುವ ಮೋಟಾರು, ಅದೇ ಮೋಟಾರಿಗೆ ಸೇರಿದ ಫ್ಯಾನು, ಗಾಳಿ ಕಾಯಿಸುವ ಒಂದು ಕಾಯಿಲ್ ಇವೆ. ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಕಾಯಿಲಿನ ಮೇಲೆ ಹಾಯ್ದು ಬಿಸಿಯಾಗಿ, ಡ್ರಮ್ಮಿನಲ್ಲಿ ಉರುಳಾಡುವ ಬಟ್ಟೆಯ ನಡುವೆ ನುಸುಳಿ, ಒಂದು ಜಾಲರಿಯನ್ನು ದಾಟಿ, ನಾಲ್ಕು ಅಂಗುಲ ಅಗಲದ ಕೊಳವೆಯಲ್ಲಿ ಮನೆಯ ಹೊರಗೆ ಹೋಗುತ್ತದೆ. ಕೊಳವೆಯ ತುದಿಯಲ್ಲಿ, ಹೊರಗೋಡೆಯ ಮೇಲೆ, ಒಂದು ಸಣ್ಣ ರೆಕ್ಕೆ ಬಾಗಿಲು. ಗಾಳಿ ಬಂದಾಗ ತೆರೆಯುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ಬಟ್ಟೆ ಉರುಳುವಾಗ ಉದುರುವ ನೂಲಿನ ಜುಂಗು ಇದೆಯಲ್ಲ, ಅಲ್ಲಿಯವರು ಲಿಂಟ್ ಅನ್ನುತ್ತಾರೆ, ಅದನ್ನು ಹಿಡಿಯುವುದು ಆ ಜಾಲರಿಯ ಕೆಲಸ.

ನೀರನ್ನು ಆವಿ ಮಾಡಲು ಎಷ್ಟು ಬಿಸಿ ಬೇಕು? ಇದರ ಲೆಕ್ಕವನ್ನು ನಾನು ಮತ್ತು ಐದನೇ ತರಗತಿಯ ಮೊಮ್ಮಗ ಸೇರಿ ಮಾಡಿದೆವು. ಡ್ರೈಯರ್ ಸರಿ ಹೋದ ಮೇಲೆ ಮಾಡಿದ್ದು, ಆದರೆ ಇಲ್ಲೇ ಹೇಳಿಬಿಡುತ್ತೇನೆ. ವಿಮಾನದಲ್ಲಿ ಹೋಗಿ ಬಂದವರ ಮನೆಯಲ್ಲೆಲ್ಲ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದೆ. 23 ಕಿಲೋ ಮೀರಿದರೆ ದಂಡ ಕಟ್ಟಬೇಕಲ್ಲ! ಅದಕ್ಕೆ ಬಟ್ಟೆಯ ಚೀಲ ನೇತುಹಾಕಿದೆವು. ಒದ್ದೆ ಇದ್ದಾಗ 7.1 ಕಿಲೋ, ಒಣಗಿದ ಮೇಲೆ 4.4 ಕಿಲೋ. ಹೋದ ನೀರು 2.7 ಕಿಲೋ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಬೇಕು. ನೀರಿನ ಬಿಸಿ ಹೆಚ್ಚಿಸಲು ಅಲ್ಲ, ಬರೀ ಆವಿಯಾಗಲು. ಇದಕ್ಕೆ ಗುಪ್ತೋಷ್ಣ ಅಂತ ಹೆಸರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಹದಿನೆಂಟನೇ ಶತಮಾನದಲ್ಲೇ ಇದನ್ನು ತೋರಿಸಿಕೊಟ್ಟರು. ಒಂದು ಯೂನಿಟ್ ವಿದ್ಯುತ್ ಅಂದರೆ 3,600 ಕಿಲೋಜೌಲ್. ಆ ಲೆಕ್ಕದಲ್ಲಿ 2.7 ಕಿಲೋ ನೀರಿಗೆ 1.8 ಯೂನಿಟ್ ಆಗಲೇಬೇಕು, ಅದಕ್ಕಿಂತ ಕಡಿಮೆಯಲ್ಲಿ ಈ ಪೆಟ್ಟಿಗೆಯಿಂದ ಆಗದು. ನಿಜದಲ್ಲಿ ಇನ್ನೂ ಹೆಚ್ಚೇ ಹೋಗುತ್ತದೆ. ಡ್ರಮ್ಮು ಕಾಯಬೇಕು, ಬಟ್ಟೆ ಕಾಯಬೇಕು, ಒಂದಿಷ್ಟು ಬಿಸಿ ಕೊಳವೆಯಲ್ಲಿ ಸುಮ್ಮನೆ ಹೊರಗೆ ಹೋಗುತ್ತದೆ. “ಹಾಗಾದರೆ ನಿಮ್ಮೂರಲ್ಲಿ ಸೂರ್ಯ ಇಷ್ಟೆಲ್ಲ ಫ್ರೀಯಾಗಿ ಕೊಡ್ತಾನಾ ತಾತ?” ಅಂತ ಮೊಮ್ಮಗ ಕೇಳಿದ. ಹೌದು, ಬಿಲ್ ಕಳಿಸುವುದಿಲ್ಲ.

ಈಗ ಕೆಟ್ಟ ಯಂತ್ರಕ್ಕೆ ಬರೋಣ. ನಾನು ಬಿ.ಕಾಂ. ಓದಿದವನು, ವಿದ್ಯುತ್ತಿನ ಪಂಡಿತನಲ್ಲ. ಬಿಚ್ಚುವ ಕೆಲಸವೆಲ್ಲ ಅಳಿಯಂದಿರದು. ಟಾರ್ಚ್ ಹಿಡಿಯುವುದು ನನ್ನದು, ಪ್ರಶ್ನೆ ಕೇಳುವುದು ಮೊಮ್ಮಗನದು.

ಮೊದಲು ನೋಡಿದ್ದು ಗುಂಡಿ. ಈ ಯಂತ್ರಗಳಲ್ಲಿ ಬಿಸಿ ಇಲ್ಲದೆ ಬರೀ ಗಾಳಿ ಆಡಿಸುವ ಒಂದು ಆಯ್ಕೆ ಇರುತ್ತದೆ. ಮಕ್ಕಳು ಆಡುತ್ತಾ ಅದನ್ನು ಒತ್ತಿಬಿಟ್ಟಿದ್ದರೆ ದಿನವಿಡೀ ತಿರುಗಿದರೂ ಬಿಸಿಯಾಗದು. ಗುಂಡಿ ಸರಿಯಾಗಿಯೇ ಇತ್ತು.

ಎರಡನೆಯದು ನಮ್ಮವರಿಗೆ ವಿಚಿತ್ರ ಅನ್ನಿಸುವ ಸಂಗತಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅಮೆರಿಕದಲ್ಲಿ ಗೋಡೆಯ ಸಾಮಾನ್ಯ ಪ್ಲಗ್ಗಿನಲ್ಲಿ 120 ವೋಲ್ಟ್ ಮಾತ್ರ. ಆದರೆ ಮನೆಗೆ ಬರುವ ತಂತಿಗಳಲ್ಲಿ ಎರಡು ಅಂಥವು. ಎರಡರ ನಡುವೆ ಅಳೆದರೆ 240. ಡ್ರೈಯರಿನಂಥ ದೊಡ್ಡ ಹೊಟ್ಟೆಯವರಿಗೆ ಎರಡನ್ನೂ ಕೊಡುತ್ತಾರೆ. ಡ್ರೈಯರಿನ ಮೋಟಾರಿಗೆ, ದೀಪಕ್ಕೆ ಒಂದು ತಂತಿಯ 120 ಸಾಕು. ಕಾಯಿಲಿಗೆ ಮಾತ್ರ ಎರಡೂ ಸೇರಿದ 240 ಬೇಕು. ಆದ್ದರಿಂದ ಎರಡರಲ್ಲಿ ಒಂದು ತಪ್ಪಿದರೆ ಏನಾಗಬಹುದು ಹೇಳಿ? ಡ್ರಮ್ಮು ಎಂದಿನಂತೆ ತಿರುಗಬಹುದು, ದೀಪ ಹತ್ತಬಹುದು, ಬಿಸಿ ಮಾತ್ರ ಇರದು. ‘ಎಲ್ಲ ಸರಿಯಾಗಿದೆ, ಕರೆಂಟೂ ಇದೆ’ ಅಂತ ಜನ ಮೋಸ ಹೋಗುವುದು ಇಲ್ಲೇ. ಅರ್ಧ ಕರೆಂಟ್ ಇರುವ ಸಾಧ್ಯತೆ ನಮ್ಮ ತಲೆಗೆ ಹೊಳೆಯುವುದೇ ಇಲ್ಲ. ನೆಲಮಾಳಿಗೆಯ ವಿದ್ಯುತ್ ಪೆಟ್ಟಿಗೆಯಲ್ಲಿ ಡ್ರೈಯರಿಗೆ 30 ಆಂಪಿಯರಿನ ಜೋಡಿ ಬ್ರೇಕರ್ ಇರುತ್ತದೆ. ಅದನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಬೇಕು. ಅಳಿಯಂದಿರು ಹಾಗೆ ಮಾಡಿ, ಮೀಟರಿನಲ್ಲಿ ಅಳೆದೂ ನೋಡಿದರು. 240 ಸರಿಯಾಗಿ ಬರುತ್ತಿತ್ತು.

ಮೂರನೆಯದು ಜಾಲರಿ. ಇದು ಮಕ್ಕಳೂ ಮಾಡಬಹುದಾದ ಪರೀಕ್ಷೆ. ಜುಂಗು ತೆಗೆದ ಮೇಲೆ ಜಾಲರಿ ಕಣ್ಣಿಗೆ ಶುಭ್ರವಾಗಿ ಕಾಣುತ್ತದೆ. ಆದರೆ ಬಟ್ಟೆ ಘಮಘಮ ಅನ್ನಲಿ ಅಂತ ಕೆಲವರು ಡ್ರೈಯರಿನಲ್ಲಿ ಸುವಾಸನೆಯ ಹಾಳೆ ಹಾಕುತ್ತಾರಲ್ಲ, ಅದರ ಮೇಣದಂಥ ಅಂಶ ಜಾಲರಿಯ ಕಣ್ಣುಗಳನ್ನು ತೆಳ್ಳಗೆ ಮುಚ್ಚಿಬಿಡಬಹುದು. ನಲ್ಲಿಯ ಕೆಳಗೆ ಹಿಡಿದು ನೋಡಿ. ನೀರು ಸರಾಗವಾಗಿ ಇಳಿದರೆ ಸರಿ. ಜಾಲರಿಯ ಮೇಲೆ ಕೆರೆಯಂತೆ ನಿಂತರೆ ಗಾಳಿಯೂ ಅಲ್ಲಿ ನಿಲ್ಲುತ್ತಿದೆ ಅಂತ ಅರ್ಥ. ಮಗಳ ಮನೆಯ ಜಾಲರಿಯ ಮೇಲೆ ನೀರು ನಿಂತಿತು. ನನ್ನ ಹೆಂಡತಿ ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದಳು.

ಆದರೂ ಬಿಸಿ ಬರಲಿಲ್ಲ. ಆಗ ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿದರು. ಈ ಹಂತ ದೊಡ್ಡವರದು. ಮಕ್ಕಳು ನೋಡಬಹುದು, ಮುಟ್ಟಬಾರದು. ಗ್ಯಾಸಿನಲ್ಲಿ ನಡೆಯುವ ಡ್ರೈಯರ್‌ಗಳೂ ಅಲ್ಲಿ ಬೇಕಾದಷ್ಟಿವೆ. ಅವನ್ನು ದೊಡ್ಡವರೂ ಬಿಚ್ಚದೆ ಕಲಿತವರನ್ನು ಕರೆಯುವುದೇ ಸರಿ. ಅಳಿಯಂದಿರು ಕಾಯಿಲಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರು. 11 ಓಮ್ ತೋರಿಸಿತು. ಹತ್ತನೇ ತರಗತಿಯವರು ಲೆಕ್ಕ ಹಾಕಿ: 240ನ್ನು 240ರಿಂದ ಗುಣಿಸಿ 11ರಿಂದ ಭಾಗಿಸಿದರೆ ಸುಮಾರು 5,200 ವಾಟ್. ಅಂದರೆ ಕಾಯಿಲ್ ಆರೋಗ್ಯವಾಗಿದೆ. ತುಂಡಾಗಿದ್ದರೆ ಮೀಟರ್ ಅನಂತ ತೋರಿಸುತ್ತಿತ್ತು.

ಕಾಯಿಲಿನ ಪೆಟ್ಟಿಗೆಯ ಮೇಲೆ ಬೊಟ್ಟಿನಷ್ಟು ದೊಡ್ಡ ಎರಡು ಬಿಲ್ಲೆಗಳಿವೆ. ಅವು ಕಾವಲುಗಾರರು. ಒಂದು ಥರ್ಮೋಸ್ಟಾಟ್. ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿದು, ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ, ಇಸ್ತ್ರಿ ಪೆಟ್ಟಿಗೆಯ ದೀಪ ಆರಿ ಹತ್ತುವುದಿಲ್ಲವೇ, ಹಾಗೆ. ಇನ್ನೊಂದು ಥರ್ಮಲ್ ಕಟ್-ಆಫ್, ಒಂದು ಬಗೆಯ ಫ್ಯೂಸು. ಮೊದಲನೆಯವನ ಕೈಮೀರಿ ಬಿಸಿ ಏರಿದರೆ ಇದು ಕಡಿದುಕೊಳ್ಳುತ್ತದೆ. ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ, ಹೊಸದನ್ನೇ ಹಾಕಬೇಕು. ಇಪ್ಪತ್ತು ಮೂವತ್ತು ಡಾಲರಿನ ಸಾಮಾನು. ಕೆಲವು ಯಂತ್ರಗಳಲ್ಲಿ ಇನ್ನೊಂದು ಫ್ಯೂಸು ಫ್ಯಾನಿನ ಹತ್ತಿರ ಇರುತ್ತದೆ, ಅದು ಹೋದರೆ ಡ್ರಮ್ಮೇ ತಿರುಗದೆ ಇರಬಹುದು. ನಮ್ಮಲ್ಲಿ ಹೋಗಿದ್ದದ್ದು ಕಾಯಿಲಿನ ಬಳಿಯದು.

“ಸಿಕ್ಕಿತು ಮಾವ” ಅಂದರು ಅಳಿಯಂದಿರು. ತಮ್ಮ ಸ್ನೇಹಿತರಿಗೆ ಫೋನ್ ಮಾಡಿದಾಗ ಅವರಿಂದ ಒಂದು ಉಪಾಯವೂ ಬಂತು. “ಹೊಸ ಫ್ಯೂಸು ಬರೋಕೆ ಮೂರು ದಿನ ಆಗುತ್ತೆ. ಅಲ್ಲಿವರೆಗೆ ಆ ಎರಡು ತಂತಿ ಸೇರಿಸಿ ಸುತ್ತಿಬಿಡು, ಓಡುತ್ತೆ.”

ಓಡುತ್ತದೆ, ನಿಜ. ಆದರೆ ಅಲ್ಲೇ ನಿಂತಿದ್ದ ಮಗಳು ಒಂದು ಮಾತು ಹೇಳಿದಳು. “ಅಪ್ಪಾ, ದಸರಾ ಹೊತ್ತಿಗೆ ರಿಪೇರಿಯವರು ಬಂದು ಇದೇ ಬಿಲ್ಲೆ ಬದಲಾಯಿಸಿ ಹೋಗಿದ್ರು.” ನಾಲ್ಕು ತಿಂಗಳಲ್ಲಿ ಎರಡು ಸಲ! ರಿಪೇರಿಗೆ ಬಂದಿದ್ದ ಆ ಮನುಷ್ಯ ಬಿಲ್ಲೆ ಹಾಕಿ, ದುಡ್ಡು ತೆಗೆದುಕೊಂಡು, ಅದು ಯಾಕೆ ಹೋಯಿತು ಅಂತ ಒಂದು ಮಾತೂ ಹೇಳದೆ ಹೋಗಿದ್ದ.

ನನಗೆ ಬ್ಯಾಂಕಿನ ಹಳೆಯ ದಿನಗಳು ನೆನಪಾದವು. ಕಂಪ್ಯೂಟರ್ ಬರುವ ಮೊದಲು ಲೆಡ್ಜರುಗಳ ಮೊತ್ತವನ್ನು ಕೈಯಲ್ಲೇ ಕೂಡಿ ತಾಳೆ ನೋಡಬೇಕಿತ್ತು. 90 ರೂಪಾಯಿ ವ್ಯತ್ಯಾಸ ಬಂದರೆ ಆ 90ನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮನೆಗೆ ಹೋಗಬಹುದು. ಪುಸ್ತಕ ಸರಿಯಾಗಿ ಕಾಣುತ್ತದೆ, ತಪ್ಪು ಒಳಗೇ ಕೂತಿರುತ್ತದೆ. ಒಳ್ಳೆಯ ಹೆಡ್ ಕ್ಲರ್ಕ್ ಹಾಗೆ ಬಿಡುತ್ತಿರಲಿಲ್ಲ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು ಅನ್ನುತ್ತಿದ್ದರು. ಶೇಷವಿಲ್ಲದೆ ಭಾಗವಾದರೆ ಯಾರೋ ಅಂಕಿ ಅದಲುಬದಲು ಮಾಡಿರುವ ಸಾಧ್ಯತೆ ಹೆಚ್ಚು. 540 ಬರೆಯುವ ಕಡೆ 450 ಬರೆದರೆ ವ್ಯತ್ಯಾಸ 90. ನೀವೂ ಯಾವ ಸಂಖ್ಯೆಯ ಪಕ್ಕಪಕ್ಕದ ಎರಡು ಅಂಕಿಗಳನ್ನಾದರೂ ಅದಲುಬದಲು ಮಾಡಿ ನೋಡಿ, ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ವ್ಯತ್ಯಾಸ ಅನ್ನುವುದು ತಪ್ಪಲ್ಲ, ತಪ್ಪು ಎಲ್ಲಿದೆ ಅಂತ ಹೇಳುವ ಸುಳಿವು. ಆ ಕಡಿದ ಫ್ಯೂಸೂ ಅಂಥದ್ದೇ. ಅದು ರೋಗವಲ್ಲ. ತಂತಿ ಸೇರಿಸಿ ಅದರ ಬಾಯಿ ಮುಚ್ಚಿಸಿದರೆ ಬಿಸಿ ಮತ್ತೆ ಏರುತ್ತದೆ, ಈ ಸಲ ತಡೆಯಲು ಯಾರೂ ಇರುವುದಿಲ್ಲ. “ಮೂರು ದಿನ ಒದ್ದೆ ಬಟ್ಟೆ ಇದ್ದರೆ ಏನೂ ಆಗುವುದಿಲ್ಲ, ತಂತಿ ಮಾತ್ರ ಸೇರಿಸಬೇಡಿ” ಅಂತ ಅಳಿಯಂದಿರಿಗೆ ಹೇಳಿದೆ. ಅವರೂ ಒಪ್ಪಿದರು.

ಹಾಗಾದರೆ ಬಿಸಿ ಮಿತಿ ಮೀರಿದ್ದು ಯಾಕೆ? ಉತ್ತರ ಮೊಮ್ಮಗನ ಬಾಯಿಂದ ಬಂತು, ಅವನಿಗೇ ಗೊತ್ತಿಲ್ಲದೆ. “ಮೊದಲು ಟವಲ್ ಒಂದೇ ಸಲಕ್ಕೆ ಒಣಗ್ತಿತ್ತು. ಆಮೇಲೆ ಅಮ್ಮ ಎರಡೆರಡು ಸಲ ಹಾಕ್ತಿದ್ದಳು. ಆ ರೂಮಿನ ಕಿಟಕಿಯಲ್ಲಿ ನೀರು ಇಳೀತಿತ್ತು, ನಾನು ಬೆರಳಲ್ಲಿ ಚಿತ್ರ ಬರೀತಿದ್ದೆ.” ಕಿಟಕಿಯ ಗಾಜಿನಲ್ಲಿ ಆವಿ! ಹೊರಗೆ ಹೋಗಬೇಕಾದ ಪಸೆ ಕೋಣೆಯಲ್ಲೇ ಇತ್ತು ಅಂತಾಯಿತು. ಅಗ್ಗಿಷ್ಟಿಕೆಯ ಮೂರನೇ ಮಾತು ನೆನಪಿದೆಯೇ? ಗಾಳಿ ಹೊರಗೆ ಹೋಗಲು ದಾರಿ ಬೇಕು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯುವುದಿಲ್ಲ, ನೀರು ಇಂಗಿದೊಡನೆ ಸೀಯುತ್ತದೆ. ಹಾಗೆಯೇ ಕಾಯಿಲಿನ ಬಿಸಿಯನ್ನು ಹೊತ್ತೊಯ್ಯುವ ಗಾಳಿ ನಿಂತರೆ ಆ ಬಿಸಿಯೆಲ್ಲ ಅಲ್ಲೇ ಸೇರುತ್ತದೆ.

ಎಲ್ಲರೂ ಕೋಟು, ಟೋಪಿ ಹಾಕಿಕೊಂಡು ಹಿತ್ತಲಿಗೆ ಹೋಗಿ ಹಿಮದಲ್ಲಿ ನಿಂತೆವು. ಮಗಳು ಒಳಗೆ ಬಿಸಿಯಿಲ್ಲದೆಯೇ ಡ್ರೈಯರ್ ಓಡಿಸಿದಳು. ಗೋಡೆಯ ರೆಕ್ಕೆ ಬಾಗಿಲು ಅಲ್ಲಾಡಲೂ ಇಲ್ಲ.

ಆ ಕೊಳವೆಯ ದಾರಿ ಅಳೆದಾಗ 22 ಅಡಿ ಇತ್ತು, ಮೂರು ತಿರುವುಗಳ ಸಮೇತ. ಅಮೆರಿಕದ ಬಹಳಷ್ಟು ರಾಜ್ಯಗಳು ಅನುಸರಿಸುವ ಕಟ್ಟಡ ನಿಯಮದಲ್ಲಿ ಸಾಮಾನ್ಯವಾಗಿ ಇಂಥ ಕೊಳವೆ 35 ಅಡಿ ಮೀರಬಾರದು, ಮತ್ತು ಪ್ರತಿ ನೇರ ತಿರುವಿಗೂ ಅದರಲ್ಲಿ 5 ಅಡಿ ಕಳೆಯಬೇಕು. ಮೂರು ತಿರುವಿಗೆ 15 ಹೋದರೆ ಉಳಿಯುವುದು 20. ಎರಡು ಅಡಿ ಓವರ್‌ಡ್ರಾಫ್ಟ್! ಆ ದಾರಿಯಲ್ಲಿ ಕಾಲು ಭಾಗ ಹೋಗುವುದು ಮೊಮ್ಮಗಳು ಮಲಗುವ ಕೋಣೆಯ ಗೋಡೆಯೊಳಗೆ. ಇದನ್ನು ಅಳೆದು ಹೇಳಿದಾಗ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಜುಂಗು ಅಂದರೆ ಒಣಗಿದ ಅರಳೆ, ದೀಪದ ಬತ್ತಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಅಮೆರಿಕದ ಸರ್ಕಾರದ ಅಗ್ನಿ ಇಲಾಖೆ 2008ರಿಂದ 2010ರವರೆಗಿನ ಲೆಕ್ಕ ಹಾಕಿ, ಮನೆಗಳಲ್ಲಿ ಬಟ್ಟೆಯ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳಾಗುತ್ತವೆ, ಮುಖ್ಯ ಕಾರಣ ಶುಚಿ ಮಾಡದಿರುವುದು ಅಂತ ಹೇಳಿತ್ತು.

ಮಾರನೆಯ ದಿನ ಶನಿವಾರ. ಉದ್ದ ಹಿಡಿಯ ದುಂಡು ಬ್ರಷ್ಷು ತಂದು ಎರಡೂ ಕಡೆಯಿಂದ ಉಜ್ಜಿ ಎಳೆದರು. ಬೂದು ಬಣ್ಣದ ಜುಂಗು ಒಂದು ಬಕೆಟ್ ತುಂಬಿ ಮೇಲೆ ಉಳಿಯಿತು. ಹಾಸಿಗೆಯಿಂದ ಹತ್ತಿ ಕಿತ್ತ ಹಾಗೆ ಮುದ್ದೆಮುದ್ದೆಯಾಗಿ ಬರುತ್ತಿತ್ತು. ಯಂತ್ರದ ಹಿಂದೆ ಇದ್ದದ್ದು ಸುಕ್ಕುಸುಕ್ಕಾದ ತೆಳು ಹಾಳೆಯ ಕೊಳವೆ. ಪ್ರತಿ ಸುಕ್ಕಿನಲ್ಲೂ ಜುಂಗು ಕೂರುತ್ತದೆ. ಅದನ್ನು ತೆಗೆದು ನುಣುಪಾದ ಲೋಹದ ಕೊಳವೆ ಹಾಕಿದರು. ಎರಡು ಅಡಿ ಹೆಚ್ಚುವರಿಯನ್ನು ಗೋಡೆ ಒಡೆಯದೆ ಕಡಿಮೆ ಮಾಡುವಂತಿಲ್ಲ. ಆದ್ದರಿಂದ ಆರು ತಿಂಗಳಿಗೊಮ್ಮೆ ಬ್ರಷ್ ಹಾಕುವುದು ಅಂತ ಮಗಳು ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು.

ಹೊಸ ಫ್ಯೂಸು ಬರುವವರೆಗೆ ನನ್ನವಳ ರಾಜ್ಯಭಾರ. ನೆಲಮಾಳಿಗೆಯಲ್ಲಿ ಅಡ್ಡಡ್ಡ ಹಗ್ಗ ಕಟ್ಟಿದಳು. ಚಳಿಗಾಲದಲ್ಲಿ ಅಲ್ಲಿನ ಮನೆಯೊಳಗಿನ ಕಾಯಿಸಿದ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ತುಟಿ ಒಡೆಯುತ್ತದೆ. ಆ ಗಾಳಿಗೆ ಬಟ್ಟೆಯ ಪಸೆ ಹಬ್ಬದೂಟ. ಬೆಳಗಾಗುವಷ್ಟರಲ್ಲಿ ಅಂಗಿಗಳೆಲ್ಲ ಒಣಗಿದ್ದವು, ಜೀನ್ಸ್ ಪ್ಯಾಂಟಿನ ಸೊಂಟ ಮಾತ್ರ ಬಾಕಿ. ಒಂದು ಟವಲನ್ನು ಬೇಕೆಂದೇ ಹೊರಗೆ ಹಾಕಿದಳು. ಹತ್ತು ಡಿಗ್ರಿ ಮೈನಸ್. ಸ್ವಲ್ಪ ಹೊತ್ತಿನಲ್ಲಿ ಅದು ಹಲಗೆಯಂತೆ ಸೆಟೆದು ನಿಂತಿತು. ಮೊಮ್ಮಕ್ಕಳು ಅದನ್ನು ಗುರಾಣಿ ಮಾಡಿಕೊಂಡು ಯುದ್ಧ ಆಡಿದರು. ಹೆಪ್ಪುಗಟ್ಟಿದ ಬಟ್ಟೆಯೂ ನಿಧಾನವಾಗಿ ಒಣಗುತ್ತದೆ ಗೊತ್ತೇ? ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ, ದೇವರ ಮುಂದಿನ ಕರ್ಪೂರ ಡಬ್ಬಿಯಲ್ಲಿ ಸವೆಯುವ ಹಾಗೆ. ಶಾಲೆಯಲ್ಲಿ ಉತ್ಪತನ ಅಂತ ಓದುತ್ತೀರಿ. ಅಂದಹಾಗೆ, ಹೊರಗೆ ಬಟ್ಟೆ ಹರವುವುದು ಅಂದಗೇಡು ಅಂತ ನಿಷೇಧಿಸುವ ಬಡಾವಣೆಗಳೂ ಆ ದೇಶದಲ್ಲಿವೆ! ಫ್ಲಾರಿಡಾ, ಕೊಲರಾಡೊ, ವರ್ಮಾಂಟ್‌ನಂಥ ರಾಜ್ಯಗಳು ಹಗ್ಗ ಕಟ್ಟುವ ಹಕ್ಕನ್ನು ಕಾಪಾಡಲು ಕಾನೂನನ್ನೇ ಮಾಡಬೇಕಾಯಿತು. ಇದನ್ನು ಕೇಳಿ ನನ್ನವಳು ನಕ್ಕಿದ್ದು ಇನ್ನೂ ನಿಂತಿಲ್ಲ.

ಫ್ಯೂಸು ಮಂಗಳವಾರ ಬಂತು. ಥರ್ಮೋಸ್ಟಾಟೂ ಜೊತೆಗೇ ಬರುತ್ತದೆ, ಎರಡನ್ನೂ ಬದಲಾಯಿಸಿದರು. ಯಂತ್ರ ಓಡಿಸಿದೊಡನೆ ಹಿತ್ತಲಿನ ರೆಕ್ಕೆ ಬಾಗಿಲು ಪಟಪಟ ತೆರೆದು, ಹಿಮದ ಮೇಲೆ ಇಡ್ಲಿ ಪಾತ್ರೆಯಿಂದ ಬಂದಂತೆ ಹಬೆ ಬಂತು. ಟವಲುಗಳು ಒಣಗಲು ಹಿಡಿದದ್ದು 42 ನಿಮಿಷ, ಒಂದೇ ಸಲಕ್ಕೆ.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಡ್ರೈಯರ್ ಬರುತ್ತಿದೆ. ಇಲ್ಲಿ ಒಂದೇ 230 ವೋಲ್ಟ್ ಆದ್ದರಿಂದ ಆ ಅರ್ಧ ಕರೆಂಟಿನ ಕಾಟವಿಲ್ಲ. ಕೊಳವೆಯೇ ಇಲ್ಲದ ಮಾದರಿಗಳೂ ಇವೆ. ಅವು ಪಸೆಯನ್ನು ಒಳಗೇ ತಣಿಸಿ ನೀರು ಮಾಡಿ ಒಂದು ಡಬ್ಬಿಯಲ್ಲಿ ತುಂಬುತ್ತವೆ. ಆ ಡಬ್ಬಿ ತುಂಬಿದ್ದರೆ ಯಂತ್ರ ನಿಲ್ಲಬಹುದು, ಮೊದಲು ಅದನ್ನು ನೋಡಿ. ಹೀಟ್ ಪಂಪ್ ಮಾದರಿಯಾದರೆ ಬಟ್ಟೆ ಉಗುರುಬೆಚ್ಚಗೆ ಮಾತ್ರ ಇರುತ್ತದೆ. ಅದು ದೋಷವಲ್ಲ, ಅದರ ಸ್ವಭಾವವೇ ಹಾಗೆ. ಜಾಲರಿ ಮಾತ್ರ ಎಲ್ಲದರಲ್ಲೂ ಇದೆ, ಪ್ರತಿ ಸಲವೂ ತೆಗೆದು ಶುಚಿ ಮಾಡಬೇಕು.

ಡ್ರೈಯರ್ ಇಲ್ಲದ ಮನೆಯ ಮಕ್ಕಳಿಗೆ ಈ ವಾರದ ಕೆಲಸ: ಒಂದು ಟವಲನ್ನು ಒಣಗಿದ್ದಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಮತ್ತೆ ತೂಗಿ. ಬಿಸಿಲಿಗೆ ಹಾಕಿ ಅರ್ಧ ಗಂಟೆಗೊಮ್ಮೆ ತೂಗಿ ಬರೆಯುತ್ತಾ ಹೋಗಿ. ಇನ್ನೊಂದು ಟವಲನ್ನು ಮನೆಯೊಳಗೆ ಹಾಕಿ ಅದರದ್ದೂ ಬರೆಯಿರಿ. ಕಡಿಮೆಯಾದ ಪ್ರತಿ ಗ್ರಾಂ ನೀರಿಗೆ 2.4 ಕಿಲೋಜೌಲ್. ಸೂರ್ಯ ಒಟ್ಟು ಎಷ್ಟು ಕೊಟ್ಟ, ಯೂನಿಟ್ಟಿನಲ್ಲಿ ಎಷ್ಟಾಯಿತು, ನಿಮ್ಮ ಮನೆಯ ಕರೆಂಟ್ ಬಿಲ್ಲಿನ ದರದಲ್ಲಿ ಎಷ್ಟು ಪೈಸೆ ಅಂತ ಅಜ್ಜನ ಹತ್ತಿರ ಕೂತು ಲೆಕ್ಕ ಹಾಕಿ. ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ.